ಬ್ಯಾಂಕಿನ ನಕ್ಷೆ ನಂಬಿ ಹಾಕಿದ ಬೇಲಿ

ನವೆಂಬರ್ 2022ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಕೌಂಟಿಯ ಒಂದು ಸಣ್ಣ ಊರಿನಲ್ಲಿ ನನ್ನ ಮಗಳು ಮತ್ತು ಅಳಿಯ ತಮ್ಮ ಮನೆಯ ಬಲಮಗ್ಗುಲಿಗೆ 140 ಅಡಿ ಉದ್ದದ ಬಿಳಿಯ ವಿನೈಲ್ ಬೇಲಿ ಹಾಕಿಸಿದರು. ಹತ್ತು ತಿಂಗಳಾದ ಮೇಲೆ ಅದೇ ಬೇಲಿಯನ್ನು ಕೀಳಿಸಿ ಒಳಕ್ಕೆ ಸರಿಸಿ ಹಾಕಿಸಿದರು. ಹಾಕಿಸಿದ ಖರ್ಚು 9,200 ಡಾಲರ್. ಸರಿಸಿದ ಖರ್ಚು 3,600. ನಡುವೆ ಸರ್ವೇಗೆ 2,800, ವಕೀಲರಿಗೆ 750. ಬೇಲಿಯನ್ನು ತಪ್ಪು ಜಾಗದಲ್ಲಿ ಹಾಕಿ ಎಂದು ಹೇಳಿದವನು ನಾನೇ. ಹಾಸನ ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲಿ 34 ವರ್ಷ ಸರಪಳಿ ಹಿಡಿದು ನಿವೃತ್ತನಾದ ಭೂಮಾಪಕ.

ಗೊತ್ತಿಲ್ಲದವರು ಮಾಡಿದ ತಪ್ಪಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಗೊತ್ತಿದ್ದವನೇ ಹೇಗೆ ಎಡವಿದ ಎಂಬುದನ್ನು ಕಾಗದಪತ್ರ ಮುಂದಿಟ್ಟುಕೊಂಡು ಹೇಳುತ್ತೇನೆ. ಅಲ್ಲಿ ಮನೆ ಕೊಂಡ ನಮ್ಮವರ ಮಕ್ಕಳ ಕಡತದಲ್ಲಿ ಇಂಥದ್ದೇ ಒಂದು ಹಾಳೆ ಇರುವ ಸಂಭವ ಹೆಚ್ಚು.

ಕೈಯಲ್ಲಿದ್ದ ಹಾಳೆ

ಮನೆ ಹಳೆಯದು. ಒಂದು ಕಾಲದಲ್ಲಿ ಅದು ಹೊಲವಾಗಿದ್ದ ಜಾಗ. 1971ರಲ್ಲಿ ಬಡಾವಣೆಯ ನಕ್ಷೆಯಾಗಿ, ನಿವೇಶನಗಳಾಗಿ, ಮನೆಗಳೆದ್ದವು. ಮಗಳು-ಅಳಿಯ 2018ರ ಸೆಪ್ಟೆಂಬರಿನಲ್ಲಿ ಸಾಲ ಮಾಡಿ ಕೊಂಡರು. ನೋಂದಣಿಯ ದಿನ ಸಹಿ ಹಾಕಿದ ಕಾಗದಗಳ ರಾಶಿಯಲ್ಲಿ ಒಂದು ಹಾಳೆಯ ನಕ್ಷೆಯೂ ಇತ್ತು. ಅದನ್ನು ಅಲ್ಲಿ ಮಾರ್ಟ್‌ಗೇಜ್ ಇನ್‌ಸ್ಪೆಕ್ಷನ್ ಪ್ಲಾನ್ ಎನ್ನುತ್ತಾರೆ. ಅಡಮಾನ ಪರಿಶೀಲನಾ ನಕ್ಷೆ ಎನ್ನೋಣ. ಅದಕ್ಕೆ 150 ಡಾಲರ್ ಕೊಟ್ಟವರು ಕೊಂಡವರು. ಮಾಡಿಸಿದ್ದು ಮಾತ್ರ ಬ್ಯಾಂಕಿಗಾಗಿ.

ನೋಡಲು ಅಂದವಾದ ಹಾಳೆ. ನಿವೇಶನದ ನಾಲ್ಕು ಗೆರೆ, ನಡುವೆ ಮನೆಯ ಆಯತ, ಹಿಂದೆ ಒಂದು ಶೆಡ್ಡು, ಮುಂದೆ ರಸ್ತೆ. ಮನೆಯ ಎಡಕ್ಕೆ 71 ಅಡಿ, ಮನೆ 52 ಅಡಿ, ಬಲಕ್ಕೆ 27 ಅಡಿ. ಕೂಡಿದರೆ 150, ಪತ್ರದಲ್ಲಿರುವ ಅಗಲ. ಉತ್ತರ ದಿಕ್ಕಿನ ಬಾಣ, ಒಂದು ಅಂಗುಲಕ್ಕೆ 40 ಅಡಿ ಎಂಬ ಸ್ಕೇಲು, ಕೆಳಗೆ ಪರವಾನಗಿ ಪಡೆದ ಸರ್ವೇಯರ ಮೊಹರು ಮತ್ತು ಸಹಿ. ಮೊಹರು ಕಂಡರೆ ಸರ್ವೇ ಇಲಾಖೆಯವನ ತಲೆ ಬಾಗುತ್ತದೆ. ನನ್ನ ತಲೆಯೂ ಬಾಗಿತು.

ಆದರೆ ಈ ಹಾಳೆಯ ಹುಟ್ಟೇ ಬೇರೆ. ಸಾಲ ಕೊಡುವ ಬ್ಯಾಂಕಿಗೂ ಬ್ಯಾಂಕಿನ ಪರವಾಗಿ ಹಕ್ಕಿಗೆ ವಿಮೆ ಮಾಡುವ ಕಂಪನಿಗೂ ತಿಳಿಯಬೇಕಾದದ್ದು ಕೆಲವೇ ಸಂಗತಿ. ಅಡಮಾನಕ್ಕೆ ಬರುವ ಮನೆ ನಿಜವಾಗಿ ಆ ನಿವೇಶನದ ಮೇಲೆಯೇ ಇದೆಯೇ? ಗಡಿಯಿಂದ ಇಷ್ಟು ದೂರ ಬಿಟ್ಟು ಕಟ್ಟಬೇಕೆಂಬ ಊರಿನ ನಿಯಮಕ್ಕೆ ಹೊಂದುತ್ತದೆಯೇ? ಸರ್ಕಾರದ ನೆರೆಪ್ರದೇಶದ ನಕ್ಷೆಯಲ್ಲಿ ಸಿಕ್ಕಿಬಿದ್ದಿದೆಯೇ? ಎದ್ದು ಕಾಣುವ ಒತ್ತುವರಿ ಏನಾದರೂ ಇದೆಯೇ? ಇವಕ್ಕೆ ಉತ್ತರಿಸಲು ಒಬ್ಬರು ಟೇಪು ಹಿಡಿದು ಬರುತ್ತಾರೆ, ಕಂಡ ಗುರುತುಗಳಿಂದ ನಾಲ್ಕಾರು ಅಳತೆ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ನಿವೇಶನದ ಆಕಾರ ಕಚೇರಿಯಲ್ಲಿ ಪತ್ರ ನೋಡಿ ಬರೆದದ್ದು. ಮನೆಯನ್ನು ಅದರೊಳಗೆ ತಂದು ಕೂರಿಸಿದ್ದು ಟೇಪಿನ ಅಂದಾಜಿನಲ್ಲಿ. ಮೂಲೆಯ ಕಲ್ಲನ್ನು ಯಾರೂ ಅಗೆದು ಹುಡುಕುವುದಿಲ್ಲ. ಆ ಹಣಕ್ಕೆ ಅದು ಸಾಧ್ಯವೂ ಇಲ್ಲ.

ನಮ್ಮಲ್ಲಿ ಗೃಹಸಾಲಕ್ಕೆ ಬ್ಯಾಂಕಿನ ಮೌಲ್ಯಮಾಪಕರು ಬಂದು ಬರೆಯುವ ವರದಿಯನ್ನು ನೆನಪಿಸಿಕೊಳ್ಳಿ. ಪತ್ರದಂತೆ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ), ಸ್ಥಳದಲ್ಲಿ ಕಂಡ ಚಕ್ಕುಬಂದಿ ಎಂದು ಎರಡು ಕಲಂ ತುಂಬುತ್ತಾರೆ. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಹೋದಾಗ ಆ ವರದಿಯನ್ನು ಬೀಸುತ್ತಾ ಬಂದವರನ್ನು ನಾನು ಕಂಡಿದ್ದೇನೆ. "ಸ್ವಾಮಿ, ಇದು ಬ್ಯಾಂಕಿನ ನೆಮ್ಮದಿಗೆ ಮಾಡಿದ್ದು, ನಿಮ್ಮ ಕಲ್ಲಿಗಲ್ಲ" ಎಂದು ಅವರನ್ನು ಹಿಂದಕ್ಕೆ ಕಳಿಸಿದವನೂ ನಾನೇ.

ಫೋಟೋದಲ್ಲಿ ಕಾಣದ ಸಾಲು

2022ರ ಅಕ್ಟೋಬರಿನಲ್ಲಿ ಅಳಿಯ ಕರೆ ಮಾಡಿದರು. ನಾಯಿ ತಂದಿದ್ದಾರೆ, ಬೇಲಿ ಬೇಕು. "ಮಾವ, ಗಡಿ ಎಲ್ಲಿದೆ ಎಂದು ನಮಗೆ ತಿಳಿಯುತ್ತಿಲ್ಲ. ಒಂದು ನಕ್ಷೆ ಇದೆ, ಕಳಿಸುತ್ತೇನೆ, ನೋಡಿ ಹೇಳುತ್ತೀರಾ?" ವಾಟ್ಸ್ಆ್ಯಪಿನಲ್ಲಿ ಫೋಟೋ ಬಂತು. ನಕ್ಷೆ ದೊಡ್ಡದಾಗಿ ಕಾಣಲೆಂದು ಅವರು ಹಾಳೆಯ ಕೆಳಗಿನ ಭಾಗವನ್ನು ಬಿಟ್ಟು ತೆಗೆದಿದ್ದರು. ಮೊಹರು ಫೋಟೋದಲ್ಲಿತ್ತು, ಅದರ ಕೆಳಗಿದ್ದ ಸಣ್ಣಕ್ಷರ ಇರಲಿಲ್ಲ.

ನಾನು ಹೇಳಿದ್ದು ಇಷ್ಟು: ಮನೆಯ ಬಲಗೋಡೆಯಿಂದ 27 ಅಡಿ ಅಳೆಯಿರಿ. ಮುಂದಿನ ಮೂಲೆಯಲ್ಲಿ ಒಂದು ಗೂಟ, ಹಿಂದಿನ ಮೂಲೆಯಲ್ಲಿ ಒಂದು ಗೂಟ. ಎರಡಕ್ಕೂ ದಾರ ಕಟ್ಟಿ ಹಿಂದಿನ ಕಲ್ಲುಗೋಡೆಯವರೆಗೆ ಎಳೆಯಿರಿ. ಅದೇ ಗೆರೆ.

ಬೇಲಿ ಹಾಕುವವರ ಒಪ್ಪಂದದಲ್ಲಿ ಗಡಿಗೆರೆಯನ್ನು ತೋರಿಸುವ ಹೊಣೆ ಗ್ರಾಹಕರದು ಎಂದಿತ್ತು. ಅವರು ಕಾನೂನಿನಂತೆ 811ಕ್ಕೆ ಕರೆ ಮಾಡಿ ನೆಲದೊಳಗಿನ ಗ್ಯಾಸ್, ವಿದ್ಯುತ್ ಮಾರ್ಗಗಳ ಮೇಲೆ ಬಣ್ಣ ಬಳಿಸಿದರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಕಂಬವನ್ನು ಮೇಲೆತ್ತದಿರಲೆಂದು ಸುಮಾರು ನಾಲ್ಕಡಿ ಆಳದ ಗುಂಡಿ ತೋಡಿದರು. ಮಣ್ಣೊಳಗಿನ ಪೈಪಿಗೆ ಸಿಕ್ಕ ಮರ್ಯಾದೆ ಮಣ್ಣಮೇಲಿನ ಗೆರೆಗೆ ಸಿಗಲಿಲ್ಲ.

ಬಲಗಡೆಯ ನೆರೆಯವರು ವಯಸ್ಸಾದ ದಂಪತಿ. ಚಳಿಗಾಲವನ್ನು ಫ್ಲಾರಿಡಾದಲ್ಲಿ ಕಳೆಯುವವರು. ಏಪ್ರಿಲ್ ಕೊನೆಗೆ ಮರಳಿದರು. ಆ ಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷದಿಂದ ಇದ್ದ ಯಜಮಾನರು ಬೇಲಿಯನ್ನು ಒಮ್ಮೆ ನೋಡಿ, ಕೂಗಾಡದೆ, ತಮ್ಮ ಲೈಲ್ಯಾಕ್ ಪೊದೆ ಈಗ ನಿಮ್ಮ ಅಂಗಳದಲ್ಲಿದೆ ಎಂದಷ್ಟೇ ಹೇಳಿದರಂತೆ. ಹಿಂದಿನ ಕಲ್ಲುಗೋಡೆಯ ಬಳಿ ಒಂದು ಕಬ್ಬಿಣದ ಸರಳು ಇತ್ತು, ಹುಡುಕಿಸಿ, ಆಮೇಲೆ ಮಾತಾಡೋಣ ಎಂದರಂತೆ.

ಮೇ ತಿಂಗಳಲ್ಲಿ ನಾನು ಅಲ್ಲಿಗೆ ಹೋದೆ. ಮೊದಲು ಕೇಳಿದ್ದು ಆ ಹಾಳೆಯನ್ನು. ಕೆಳಗೆ, ಕನ್ನಡಕ ಹಾಕಿಕೊಂಡು ಓದುವಷ್ಟು ಸಣ್ಣದಾಗಿ ಬರೆದಿತ್ತು: ಇದು ಸಾಲ ಕೊಡುವವರ ಉಪಯೋಗಕ್ಕೆ ಮಾತ್ರ, ಇದು ಸರ್ವೇ ಅಲ್ಲ, ಬೇಲಿಗೆ, ಗಿಡಸಾಲಿಗೆ, ಕಟ್ಟಡ ವಿಸ್ತರಿಸುವುದಕ್ಕೆ ಇದನ್ನು ಬಳಸಕೂಡದು. 27ರ ಪಕ್ಕದಲ್ಲಿ ಫೋಟೋದಲ್ಲಿ ಚುಕ್ಕೆಯಂತೆ ಕಂಡದ್ದು ಕೂಡು-ಕಳೆ ಚಿಹ್ನೆ. ಅಂದರೆ ಹೆಚ್ಚು ಕಡಿಮೆ 27. ಮಗಳು ಏನೂ ಹೇಳಲಿಲ್ಲ. "ಅಪ್ಪ, ಕಾಫಿ ಆರಿಹೋಗುತ್ತದೆ" ಎಂದಳು.

ಎರಡು ದಿನದ ಸರ್ವೇ

ಅಲ್ಲಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರೆ ಭೂಮಾಪಕ ಬರುವ ಪದ್ಧತಿ ಇಲ್ಲ. ರಾಜ್ಯದ ಪರವಾನಗಿ ಪಡೆದ ಖಾಸಗಿ ಸರ್ವೇಯರರನ್ನು ನಾವೇ ಗೊತ್ತುಮಾಡಬೇಕು. ಸರದಿ ಬರುವ ಹೊತ್ತಿಗೆ ಜೂನ್ ಮುಗಿಯುತ್ತಿತ್ತು.

ಅವರು ಮೊದಲು ಸ್ಥಳಕ್ಕೆ ಬರಲಿಲ್ಲ, ದಫ್ತರಕ್ಕೆ ಹೋದರು. ಅಲ್ಲಿ ಪ್ರತಿ ಕೌಂಟಿಗೆ ರಿಜಿಸ್ಟ್ರಿ ಆಫ್ ಡೀಡ್ಸ್ ಇದೆ, ನಮ್ಮ ಉಪನೋಂದಣಿ ಕಚೇರಿಯ ಹಾಗೆ. ಪತ್ರಗಳೂ ನಕ್ಷೆಗಳೂ ಪುಸ್ತಕ ಮತ್ತು ಪುಟದ ಸಂಖ್ಯೆಯಲ್ಲಿ ಸಿಗುತ್ತವೆ. ನಮ್ಮ ಪತ್ರ, ಎಡಬಲದವರ ಪತ್ರ, 1971ರ ಬಡಾವಣೆ ನಕ್ಷೆ, ಅದಕ್ಕೂ ಹಿಂದಿನ ಹೊಲದ ಪತ್ರ, ಎಲ್ಲವನ್ನೂ ತೆಗೆಸಿದ್ದರು. ನಮ್ಮವರು ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ನೋಡದೆ ಸ್ಥಳಕ್ಕೆ ಹೋಗದಿರುವುದು ಇದೇ ಕಾರಣಕ್ಕೆ. ಹೊಲದ ಹಳೆಯ ಪತ್ರದಲ್ಲಿ ಅಳತೆ ರಾಡ್ ಲೆಕ್ಕದಲ್ಲಿತ್ತು, ಗುರುತು ಕಲ್ಲಿನ ಗುಪ್ಪೆ. ಒಂದು ರಾಡ್ ಎಂದರೆ 16.5 ಅಡಿ. ನಾನು ಥಟ್ಟನೆ "ಎಂಟಾಣೆ" ಎಂದೆ, ಅಳಿಯ ಪಿಳಿಪಿಳಿ ನೋಡಿದರು. ನಮ್ಮ ಸರಪಳಿ 33 ಅಡಿ, ಹದಿನಾರು ಆಣೆ. ಅವರ ಗುಂಟರ್ ಸರಪಳಿ 66 ಅಡಿ, ನಾಲ್ಕು ರಾಡ್. ನಮ್ಮ ಒಂದು ಚದರ ಸರಪಳಿ 1,089 ಚದರಡಿ, ಒಂದು ಗುಂಟೆ. ಅಂಥ ನಲವತ್ತು ಕೂಡಿದರೆ ಎಕರೆ. ಅವರ ಹತ್ತು ಚದರ ಸರಪಳಿ ಕೂಡಿದರೂ ಅದೇ ಎಕರೆ, ಅದೇ 43,560 ಚದರಡಿ. ಹದಿಮೂರು ಸಾವಿರ ಕಿಲೋಮೀಟರಿನಾಚೆ ನನ್ನ ಹಳೆಯ ಸರಪಳಿಯ ಅಣ್ಣ ಸಿಕ್ಕಂತಾಯಿತು.

ಸರ್ವೇಯರರೊಬ್ಬರು, ಸಹಾಯಕಿಯೊಬ್ಬರು. ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್, ಜಿಪಿಎಸ್ ಕಂಬ, ಗುದ್ದಲಿ, ಮತ್ತು ಮಣ್ಣೊಳಗಿನ ಕಬ್ಬಿಣಕ್ಕೆ ಕೂಗುವ ಒಂದು ಹಳದಿ ಕೋಲು. ನೆರೆಯವರಿಗೆ ಮುಂಚಿತವಾಗಿ ತಿಳಿಸಿದ್ದರು. ಹಾಗೆ ತಿಳಿಸಿದ ಮೇಲೆ ಅಳತೆಗಾಗಿ ಪಕ್ಕದ ಜಾಗಕ್ಕೆ ಕಾಲಿಟ್ಟರೆ ಅತಿಕ್ರಮವಲ್ಲ ಎಂದು ಆ ರಾಜ್ಯದ ಕಾನೂನಿನಲ್ಲೇ ಇದೆ. ನಮ್ಮಲ್ಲಿ ಬಾಜುದಾರರಿಗೆ ನೋಟಿಸು ಕೊಟ್ಟು, ಬಂದವರ ಮುಂದೆ ಅಳೆದು, ಮಹಜರಿಗೆ ಸಹಿ ಹಾಕಿಸುತ್ತೇವೆ. ಅಲ್ಲಿ ಸಹಿಯ ಗೋಜಿಲ್ಲ. ಬಲಗಡೆಯ ಯಜಮಾನರು ಮಾತ್ರ ಮಡಿಸುವ ಕುರ್ಚಿ ತಂದು ನೆರಳಿನಲ್ಲಿ ಕುಳಿತರು. ನಾನೂ ಪಕ್ಕದಲ್ಲಿ ಕುಳಿತೆ. ಎರಡು ಕಡೆಯ ಜನ ಒಟ್ಟಿಗೆ ಕುಳಿತು ಅಳತೆ ನೋಡಿದ್ದನ್ನು ನನ್ನ ಸೇವಾವಧಿಯಲ್ಲಿ ಹೆಚ್ಚು ಸಲ ಕಂಡಿಲ್ಲ.

ಮೊದಲ ದಿನ ರಸ್ತೆಯ ಅಂಚಿನ ಕಲ್ಲು ಸಿಕ್ಕಿತು. ತಲೆಯ ಮೇಲೆ ಬೈರಿಗೆಯಿಂದ ಕೊರೆದ ತೂತಿನ ಚೌಕ ಗ್ರಾನೈಟ್. ರಸ್ತೆಯ ಡಾಂಬರಿನ ಅಂಚಿಗೂ ಅದಕ್ಕೂ ಸಂಬಂಧವಿಲ್ಲ, ಡಾಂಬರು ರಸ್ತೆಗೆ ಬಿಟ್ಟ ಜಾಗದ ನಡುವಿನಲ್ಲಿ ಬಿದ್ದಿರಲಿಲ್ಲ. ಎರಡನೆಯ ದಿನ ಹಿಂದಿನ ಕಲ್ಲುಗೋಡೆಯ ಬುಡದಲ್ಲಿ ಹಳದಿ ಕೋಲು ಕೂಗಿತು. ಎಂಟು ಅಂಗುಲ ಎಲೆಗೊಬ್ಬರದ ಕೆಳಗೆ ತುಕ್ಕು ಹಿಡಿದ ಸರಳು. ಗೋಡೆಯ ಒಂದು ದೊಡ್ಡ ಕಲ್ಲಿನ ಮೇಲೆ ಕೊರೆದ ತೂತು ಬೇರೆ, 1971ರ ನಕ್ಷೆಯಲ್ಲಿ ಕಾಣಿಸಿದ್ದೇ. ಆ ಸೀಮೆಯ ಕಾಡಿನೊಳಗೂ ಇಂಥ ಕಲ್ಲುಗೋಡೆಗಳು ಹರಿದಾಡುತ್ತವೆ. ಹಿಂದಿನ ರೈತರು ಹೊಲದಿಂದ ಹೆಕ್ಕಿ ಪೇರಿಸಿದ ಕಲ್ಲು. ಈಗ ಹೊಲವಿಲ್ಲ, ಗೋಡೆ ಇದೆ, ಗಡಿಯ ಸಾಕ್ಷಿಯಾಗಿ.

ಪತ್ರದ ಅಳತೆಗೂ ಸ್ಥಳದ ಗುರುತಿಗೂ ತಾಳೆಯಾಗದಿದ್ದರೆ ಅಲ್ಲಿ ಸಾಮಾನ್ಯವಾಗಿ ಗುರುತೇ ಮೇಲು. ನೈಸರ್ಗಿಕ ಗುರುತು, ಆಮೇಲೆ ನೆಟ್ಟ ಕಲ್ಲು-ಸರಳು, ಆಮೇಲೆ ದಿಕ್ಕು ಮತ್ತು ದೂರ, ಕೊನೆಗೆ ವಿಸ್ತೀರ್ಣ. ವಿಸ್ತೀರ್ಣಕ್ಕಿಂತ ಚಕ್ಕುಬಂದಿ ಮೇಲು ಎಂದು ನಮ್ಮ ನ್ಯಾಯಾಲಯಗಳೂ ಹೇಳುತ್ತಾ ಬಂದಿವೆ. ಇಲ್ಲಿ ಕಲ್ಲು, ತೂತು, ಸರಳು ಮೂರೂ 1971ರ ನಕ್ಷೆಯ ದೂರಗಳಿಗೆ ಅಂಗುಲಗಳ ಲೆಕ್ಕದಲ್ಲಿ ಕೂಡಿಬಂದವು. ಸಿಗದ ಮೂಲೆಗೆ ಹೊಸ ಸರಳು ಹೊಡೆದು, ಪರವಾನಗಿ ಸಂಖ್ಯೆಯ ಪ್ಲಾಸ್ಟಿಕ್ ಟೋಪಿ ತೊಡಿಸಿದರು.

ಹತ್ತು ಅಂಗುಲದ ಓರೆ

ಬೇಲಿ ಆರಂಭವಾಗುವ ಕಡೆ, ಮನೆಯ ಮುಂದಿನ ಮೂಲೆಯ ನೇರಕ್ಕೆ, ಗಡಿಯಿಂದ 2.1 ಅಡಿ ಆಚೆಗಿತ್ತು. 140 ಅಡಿ ಹಿಂದಕ್ಕೆ ಹೋಗುವಷ್ಟರಲ್ಲಿ 6.3 ಅಡಿ. ಸರಾಸರಿ 4.2, ಗುಣಿಸಿದರೆ 588 ಚದರಡಿ. ಅರ್ಧ ಗುಂಟೆಗಿಂತ ತುಸು ಜಾಸ್ತಿ.

ಆ 2.1 ಎಲ್ಲಿಂದ ಬಂತು? ಬ್ಯಾಂಕಿನ ನಕ್ಷೆಗೆ ಟೇಪು ಹಿಡಿದವರು ಎಡಗಡೆಯ ಗಿಡಸಾಲನ್ನೇ ಎಡಗಡಿ ಎಂದು ಹಿಡಿದಿದ್ದರು. ಗಿಡಸಾಲು ನಿಜವಾದ ಗಡಿಗಿಂತ 2.1 ಅಡಿ ಒಳಗಿತ್ತು. ಮನೆಯಿಂದ ಗಿಡಸಾಲಿಗೆ 71, ಮನೆ 52, ಉಳಿದದ್ದು 27 ಎಂದು ಕಳೆದು ಬರೆದದ್ದು. ಬಲಗಡೆ ಅವರು ಅಳೆದೇ ಇರಲಿಲ್ಲ. ಕೂಡಿದರೆ ಸರಿಯಾಗಿ 150 ಬಂದದ್ದನ್ನು ಕಂಡು ನಾನು ಮೆಚ್ಚಿಕೊಂಡಿದ್ದೆನಲ್ಲ, ಅದು ಬರಲೇಬೇಕಿತ್ತು.

ಉಳಿದದ್ದು ಓರೆ. ಕಾಗದದಲ್ಲಿ ಮನೆಯನ್ನು ಗಡಿಗೆರೆಗೆ ಸಮಾನಾಂತರವಾಗಿ ಬರೆದಿದ್ದರು. ಮನೆ ನಿಜಕ್ಕೂ ಎರಡು ಡಿಗ್ರಿಗಿಂತ ಕಡಿಮೆ ತಿರುಗಿ ಕುಳಿತಿದೆ. 28 ಅಡಿ ಉದ್ದದ ಪಕ್ಕಗೋಡೆಯಲ್ಲಿ ಆ ಓರೆ ಹತ್ತು ಅಂಗುಲ, ಕಣ್ಣಿಗೆ ಕಾಣುವಂಥದ್ದಲ್ಲ. ಅದೇ ಗೋಡೆಯ ನೇರಕ್ಕೆ ದಾರ ಎಳೆದು 140 ಅಡಿ ಓಡಿಸಿದರೆ ನಾಲ್ಕಡಿ ದಾಟುತ್ತದೆ. ಚಿಕ್ಕ ಆಧಾರಗೆರೆಯಿಂದ ಉದ್ದ ಗೆರೆ ಎಳೆಯಬಾರದು ಎಂಬುದು ಭೂಮಾಪಕನಿಗೆ ತರಬೇತಿಯ ಮೊದಲ ವಾರದಲ್ಲಿ ಕಲಿಸುವ ಪಾಠ. ಆ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆಯೇ ನೆಲದ ಮೇಲೆ ಒಂಬತ್ತು ಅಂಗುಲವಾಗುತ್ತದೆ ಎಂಬ ಲೆಕ್ಕವೂ ನನಗೆ ಬರುತ್ತಿತ್ತು.

ಹಾಗಾದರೆ ಬ್ಯಾಂಕಿನ ನಕ್ಷೆ ತಪ್ಪೇ? ನಾನು ಬಹಳ ದಿನ ಅದನ್ನು ಬೈದುಕೊಂಡೆ. ಆಮೇಲೆ ಕುಳಿತು ನೋಡಿದೆ. ಆ ಊರಿನ ನಿಯಮದಂತೆ ಪಕ್ಕದಲ್ಲಿ ಬಿಡಬೇಕಾದ ಜಾಗ 15 ಅಡಿ. ಮನೆಯ ಮುಂದಿನ ಮೂಲೆಯಿಂದ ಗಡಿಗೆ ನಿಜವಾಗಿ 24.9, ಹಿಂದಿನ ಮೂಲೆಯಿಂದ 24ಕ್ಕೆ ತುಸು ಮೇಲೆ. 27 ಎಂದರೂ, 24 ಎಂದರೂ ಬ್ಯಾಂಕಿಗೆ ಉತ್ತರ ಒಂದೇ: ಮನೆ ನಿವೇಶನದೊಳಗಿದೆ, ನಿಯಮಕ್ಕೆ ಸರಿಯಿದೆ, ಸಾಲ ಕೊಡಬಹುದು. ಬ್ಯಾಂಕಿನ ಕೆಲಸಕ್ಕೆ ಎರಡು ಮೂರು ಅಡಿಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಬೇಲಿಗೆ ಅರ್ಧ ಅಡಿಯೂ ಲೆಕ್ಕವೇ. ಬ್ಯಾಂಕಿಗೆ ಸಾಕಾದ ಉತ್ತರವನ್ನು ನಾನು ಬೇಲಿಗೆ ತಂದು ಕಟ್ಟಿದ್ದೆ.

ಕೀಳುವ ಮುನ್ನ

ಮಗಳಿಗೆ ವಿಮೆಯ ಮೇಲೆ ಭರವಸೆ ಇತ್ತು. ಮನೆ ಕೊಳ್ಳುವಾಗ ಬ್ಯಾಂಕಿನ ಪಾಲಿಸಿಯಲ್ಲದೆ ಮಾಲೀಕರ ಪಾಲಿಸಿಯನ್ನೂ ಹಣ ಕೊಟ್ಟು ಮಾಡಿಸಿದ್ದರು. ವಕೀಲರು ತೆರೆದು ತೋರಿಸಿದರು: ನಿಖರ ಸರ್ವೇ ಮಾಡಿಸಿದ್ದರೆ ತಿಳಿಯಬಹುದಾಗಿದ್ದ ಸಂಗತಿಗಳು ಇದರಲ್ಲಿ ಸೇರಿಲ್ಲ ಎಂಬ ಸಾಲು. ಜೊತೆಗೆ, ಈ ನಕ್ಷೆ ಸರ್ವೇ ಅಲ್ಲವೆಂದು ತಿಳಿದಿದ್ದೇವೆ ಎಂಬ ಪುಟಕ್ಕೆ 2018ರಲ್ಲೇ ಇಬ್ಬರೂ ಸಹಿ ಹಾಕಿದ್ದರು. ನಕ್ಷೆ ಮಾಡಿದವರ ಮೇಲೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು.

ಬೇಲಿ ದಾಟಿಹೋದ ಆ ನೆಲದ ಪಟ್ಟಿಯನ್ನು ನೆರೆಯವರಿಂದ ಕೊಂಡುಬಿಡಬಹುದೇ ಎಂದು ಅಳಿಯ ಕೇಳಿದರು. ಹೊಸ ನಕ್ಷೆ ಮಾಡಿಸಿ ಊರಿನ ಯೋಜನಾ ಮಂಡಳಿಯ ಮೊಹರು ಪಡೆಯಬೇಕು, ನೆರೆಯವರ ಜಾಗದ ಮೇಲೆ ಸಾಲವಿದ್ದರೆ ಅವರ ಬ್ಯಾಂಕು ಅಷ್ಟನ್ನು ಬಿಟ್ಟುಕೊಡಬೇಕು. ಎಲ್ಲಕ್ಕೂ ಮಿಗಿಲಾಗಿ ಅವರ ನಿವೇಶನ ಆ ವಲಯದ ಕನಿಷ್ಠ ವಿಸ್ತೀರ್ಣಕ್ಕೆ ಕೂದಲೆಳೆಯಷ್ಟೇ ಮೇಲಿತ್ತು. 588 ಚದರಡಿ ಹೋದರೆ ಅವರದು ನಿಯಮಬಾಹಿರವಾಗುತ್ತಿತ್ತು. ಬೇಲಿ ಇದ್ದಲ್ಲೇ ಇರಲಿ ಎಂದು ಅವರಿಂದ ಅನುಮತಿಪತ್ರ ಬರೆಸಿಕೊಳ್ಳುವುದು ಇನ್ನೊಂದು ದಾರಿ. ಇಂದಿಗೆ ಸುಲಭ, ಎರಡರಲ್ಲಿ ಒಂದು ಮನೆ ಮಾರುವ ದಿನ ತಲೆನೋವು. ಸುಮ್ಮನಿದ್ದುಬಿಡೋಣ ಎಂಬ ಮಾತನ್ನು ಯಾರೂ ಆಡಲಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲಿ ಸುಳಿದಿತ್ತು. ಅಲ್ಲಿ ಬಹಿರಂಗವಾಗಿ, ಅನುಮತಿಯಿಲ್ಲದೆ, ತಮ್ಮದೇ ಎಂಬಂತೆ, ಎಡೆಬಿಡದೆ 20 ವರ್ಷ ಅನುಭವಿಸಿದರೆ ಪ್ರತಿಕೂಲ ಸ್ವಾಧೀನದ ಹಕ್ಕು ಕೇಳಬಹುದು. ನಮ್ಮಲ್ಲಿ ಖಾಸಗಿ ಜಮೀನಿಗೆ ಆ ಅವಧಿ 12 ವರ್ಷ. ಯಜಮಾನರು ಏಪ್ರಿಲಿನಲ್ಲೇ ಬಾಯಿಬಿಟ್ಟದ್ದು ಆ ಗಡಿಯಾರದ ಅರಿವಿದ್ದೇ ಇರಬೇಕು.

ಸೆಪ್ಟೆಂಬರಿನಲ್ಲಿ ಬೇಲಿ ಸರಿಯಿತು. ಗಡಿಯ ಮೇಲಲ್ಲ, ಆರು ಅಂಗುಲ ಒಳಗೆ, ಕಂಬದ ಆಚೆ ಬದಿಯೂ ತಮ್ಮ ನೆಲದಲ್ಲೇ ಇರುವಂತೆ. ಈ ಸಲ ದಾರ ಕಟ್ಟಿದ್ದು ಸರಳಿನಿಂದ ಸರಳಿಗೆ, ಮನೆಯ ಗೋಡೆಯ ಕಡೆ ಯಾರೂ ನೋಡಲಿಲ್ಲ. ಲೈಲ್ಯಾಕ್ ಪೊದೆ ಆಚೆ ಹೋಯಿತು.

ಎಡಗಡೆಯ ಎರಡಡಿ

ಸರ್ವೇಯ ಅಂತಿಮ ನಕ್ಷೆ ಕೈಗೆ ಬಂದ ಸಂಜೆ ಅಳಿಯ ಎಡಗಡೆಗೆ ಬೆರಳಿಟ್ಟರು. "ಮಾವ, ಬಲಗಡೆ ಕಳೆದದ್ದು ಎಡಗಡೆ ಸಿಕ್ಕಿದೆ." ನಿಜ. ಮನೆಯ ನೇರಕ್ಕೆ ಗಿಡಸಾಲಿನಾಚೆ ಎರಡಡಿ ಅಗಲದ ಪಟ್ಟಿ ಕಾಗದದಂತೆ ಇವರದು. ಅಲ್ಲಿ ಹುಲ್ಲು ಕತ್ತರಿಸುತ್ತಿರುವವರು ಮಾತ್ರ ಎಡಗಡೆಯ ಮನೆಯವರು. ಗಿಡಸಾಲನ್ನು ನೆಟ್ಟವರು ಯಾರು, ಎಂದು, ಈಗ ಇರುವವರಲ್ಲಿ ಯಾರಿಗೂ ತಿಳಿಯದು. ಕಾಂಡದ ದಪ್ಪ ನೋಡಿದರೆ ಇಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲ.

ಆ ರಾಜ್ಯದಲ್ಲಿ ಭೂನ್ಯಾಯಾಲಯ ಎಂಬುದೊಂದಿದೆ, 1898ರದು. ಅದರ ಮೂಲಕ ಹಕ್ಕು ಖಚಿತವಾಗಿ ದಾಖಲಾದ ಜಮೀನಿನ ಮೇಲೆ ಎಷ್ಟು ವರ್ಷ ಹುಲ್ಲು ಕತ್ತರಿಸಿದರೂ ಪ್ರತಿಕೂಲ ಸ್ವಾಧೀನ ನಡೆಯದು. ಮಗಳ ನಿವೇಶನ ಆ ಬಗೆಯದಲ್ಲ, ರಿಜಿಸ್ಟ್ರಿಯಲ್ಲಿ ಪತ್ರ ದಾಖಲಾದ ಸಾಮಾನ್ಯ ಬಗೆಯದು. ಸರ್ವೇಯರರು ಕೂಡ ಗಡಿ ಇಲ್ಲಿದೆ ಎಂದು ತಮ್ಮ ವೃತ್ತಿಯ ಅಭಿಪ್ರಾಯ ಕೊಡಬಲ್ಲರೇ ಹೊರತು ಆ ಎರಡಡಿ ಇಂದು ಯಾರ ಹಕ್ಕು ಎಂದು ತೀರ್ಮಾನಿಸಲಾರರು. ನಮ್ಮ ಹದ್ದುಬಸ್ತಿನ ಹಾಗೆಯೇ. ಅದು ನ್ಯಾಯಾಧೀಶರ ಕೆಲಸ.

ಅಳಿಯ ವಕೀಲರಿಗೆ ಬರೆಯಲೇ ಎಂದು ಕೇಳಿದರು. ಮಗಳು ನಕ್ಷೆಯನ್ನು ಮಡಿಸಿ, ಆ ಹಳೆಯ ಒಂದು ಹಾಳೆಯ ಜೊತೆಗೇ ಕಡತದಲ್ಲಿಟ್ಟಳು. ನನ್ನ ಅಭಿಪ್ರಾಯವನ್ನು ಈ ಸಲ ಯಾರೂ ಕೇಳಲಿಲ್ಲ.